ರಿಯಾಯಿತಿಯ ಕಾಲ ಮುಗಿಯುವ ಹೊತ್ತಿನ ಸಚಿವ: ಕೆ.ಸಿ. ರೆಡ್ಡಿ

ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿ ಯಾರು ಎಂಬ ಪ್ರಶ್ನೆ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಕೆ.ಸಿ. ರೆಡ್ಡಿ ಎಂದು ಬರೆದವರಿಗೆ ಅಂಕ ದೊರೆಯುತ್ತದೆ. ಬಹುಮಂದಿಗೆ ಅವರ ನೆನಪು ಅಲ್ಲಿಗೇ ಮುಗಿಯುತ್ತದೆ. ಅವರು ಮುಖ್ಯಮಂತ್ರಿ ಪದವಿಯಿಂದ ಇಳಿದ ಒಂಬತ್ತು ವರ್ಷಗಳ ಬಳಿಕ ದೆಹಲಿಯಲ್ಲಿ ಕೇಂದ್ರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಾಗಿದ್ದರು. ಸ್ವತಂತ್ರ ಭಾರತದ ಪರದೇಶ ವ್ಯಾಪಾರಕ್ಕೆ ಅಲ್ಲಿಯವರೆಗೆ ಕಂಡರಿಯದ ಆತಂಕವೊಂದು ಎದುರಾದದ್ದು ಅದೇ ಅವಧಿಯಲ್ಲಿ. ಈ ಸಂಗತಿಯನ್ನು ಅವರ ಕುರಿತ ಪರಿಚಯ ಲೇಖನಗಳು ಒಂದು ಸಾಲಿನಲ್ಲಿ ದಾಟಿ ಹೋಗುತ್ತವೆ.

ಆ ಆತಂಕದ ಮೂಲ ಲಂಡನ್ನಿನಲ್ಲಿತ್ತು. 1961ರ ಜುಲೈ 31ರಂದು ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ತಮ್ಮ ದೇಶ ಐರೋಪ್ಯ ಆರ್ಥಿಕ ಸಮುದಾಯವನ್ನು ಸೇರಲು ಅರ್ಜಿ ಹಾಕಲಿದೆ ಎಂದು ಸಂಸತ್ತಿಗೆ ತಿಳಿಸಿದರು. ಆಗಸ್ಟ್ ತಿಂಗಳಲ್ಲಿ ಅರ್ಜಿ ಸಲ್ಲಿಕೆಯಾಯಿತು. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡ್ ಮತ್ತು ಲಕ್ಸೆಂಬರ್ಗ್ ಸೇರಿ 1957ರ ರೋಮ್ ಒಪ್ಪಂದದ ಮೂಲಕ ಕಟ್ಟಿಕೊಂಡಿದ್ದ ಈ ಕೂಟದ ಒಳಗೆ ಸರಕುಗಳಿಗೆ ಸುಂಕ ಹಂತಹಂತವಾಗಿ ಇಲ್ಲವಾಗುತ್ತಿತ್ತು. ಹೊರಗಿನಿಂದ ಬರುವ ಸರಕಿಗೆ ಆರೂ ದೇಶಗಳು ಒಂದೇ ಸುಂಕ ವಿಧಿಸಬೇಕಿತ್ತು. ಬ್ರಿಟನ್ ಆ ಮನೆಯೊಳಗೆ ಕಾಲಿಟ್ಟರೆ ಭಾರತ ಹೊಸ್ತಿಲ ಹೊರಗೆ ನಿಲ್ಲುವುದು ನಿಶ್ಚಿತವಾಗಿತ್ತು.

1960ರ ಸುಮಾರಿಗೆ ಭಾರತದ ಒಟ್ಟು ರಫ್ತಿನ ಕಾಲುಭಾಗಕ್ಕಿಂತ ತುಸು ಹೆಚ್ಚು ಬ್ರಿಟನ್ನಿಗೇ ಹೋಗುತ್ತಿತ್ತು. ಅದರ ಬಹುಪಾಲು ಸುಂಕವಿಲ್ಲದೆ ಬ್ರಿಟಿಷ್ ಬಂದರುಗಳಲ್ಲಿ ಇಳಿಯುತ್ತಿತ್ತು. ಈ ಅನುಕೂಲ ಕೈತಪ್ಪುವ ಗಳಿಗೆಯಲ್ಲಿ ಭಾರತದ ವಾಣಿಜ್ಯ ಇಲಾಖೆಯ ಹೊಣೆ ಹೊತ್ತಿದ್ದವರು ಕೋಲಾರ ಸೀಮೆಯ ಹಳ್ಳಿಯೊಂದರಿಂದ ಬಂದ ವಕೀಲರು.

ಚಿನ್ನದ ಗಣಿಯ ನೆರೆಯಲ್ಲಿ

ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು ಹುಟ್ಟಿದ್ದು 1902ರ ಮೇ 4ರಂದು. ಕ್ಯಾಸಂಬಳ್ಳಿ ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಸೇರಿದ ಊರು. ಅದೇ ವರ್ಷ ಜೂನ್ ತಿಂಗಳಲ್ಲಿ ಕಾವೇರಿಯ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಹರಿಯಿತು. ನೂರೈವತ್ತು ಕಿಲೋಮೀಟರಿಗೆ ಸಮೀಪದ ಆ ತಂತಿಮಾರ್ಗ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲೊಂದಾಗಿತ್ತು. ಮೈಸೂರಿನ ನದಿಯ ನೀರು, ಮೈಸೂರಿನ ನೆಲದ ಚಿನ್ನ. ಗಣಿಗಳ ಆಡಳಿತ ಮಾತ್ರ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯದು. ಸಂಸ್ಥಾನಕ್ಕೆ ರಾಜಧನ ಸಲ್ಲುತ್ತಿತ್ತು, ಕೂಲಿಕಾರರಿಗೆ ದಿನಗೂಲಿ ದೊರೆಯುತ್ತಿತ್ತು, ಲಾಭ ಸಮುದ್ರ ದಾಟುತ್ತಿತ್ತು. ದೂರದ ದೇಶದ ಅನುಕೂಲಕ್ಕೆ ತಕ್ಕಂತೆ ಊರಿನ ಬದುಕು ಏರಿಳಿಯುವ ಬಗೆಯನ್ನು ತಿಳಿಯಲು ಆ ಸೀಮೆಯ ಹುಡುಗನಿಗೆ ಅರ್ಥಶಾಸ್ತ್ರದ ಪುಸ್ತಕ ಬೇಕಿರಲಿಲ್ಲ.

ಕಾನೂನು ಪದವಿ ಪಡೆದ ರೆಡ್ಡಿಯವರು ಸಾರ್ವಜನಿಕ ಬದುಕಿಗೆ ಬಂದದ್ದು 1930ರಲ್ಲಿ, ಸಮಾನಮನಸ್ಕರೊಡನೆ ಸೇರಿ ಬೆಂಗಳೂರಿನಲ್ಲಿ ಪ್ರಜಾಪಕ್ಷವನ್ನು ಕಟ್ಟುವ ಮೂಲಕ. ಸಂಸ್ಥಾನದಲ್ಲಿ ಪ್ರಜೆಗಳಿಗೆ ಉತ್ತರ ಕೊಡಬೇಕಾದ ಸರಕಾರ ಬರಬೇಕೆಂಬುದು ಅದರ ಮುಖ್ಯ ಬೇಡಿಕೆ. ರೈತರ ಸಂಕಷ್ಟಗಳೂ ಅದರ ಕಾರ್ಯಕ್ರಮದಲ್ಲಿದ್ದವು. 1934ರಲ್ಲಿ ಅದು ಪ್ರಜಾಮಿತ್ರ ಮಂಡಳಿಯೊಡನೆ ಬೆರೆತು ಪ್ರಜಾ ಸಂಯುಕ್ತ ಪಕ್ಷವಾಯಿತು. ರೆಡ್ಡಿಯವರು ಅದರ ಅಧ್ಯಕ್ಷರಾದರು. 1937ರಲ್ಲಿ ಆ ಪಕ್ಷವೂ ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ಹಳ್ಳಿಗಾಡಿನಲ್ಲಿ ಬೇರುಗಳಿದ್ದ ಬ್ರಾಹ್ಮಣೇತರ ಚಳವಳಿಯೂ ನಗರದ ವಿದ್ಯಾವಂತರ ಕಾಂಗ್ರೆಸ್ಸೂ ಒಂದಾದ ಆ ಘಟನೆ ಇಲ್ಲದಿದ್ದರೆ ಮುಂದಿನ ವರ್ಷದ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಅಷ್ಟು ಜನಬಲ ಸೇರುತ್ತಿತ್ತೆಂದು ಹೇಳುವುದು ಕಷ್ಟ.

ಉತ್ತರ ಕನ್ನಡದ ಓದುಗರು ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸಿದ್ದಾಪುರ, ಅಂಕೋಲಾ ಸೀಮೆಯ ರೈತರು ಮೂವತ್ತರ ದಶಕದ ಆರಂಭದಲ್ಲಿ ಕರನಿರಾಕರಣೆಗೆ ಇಳಿದಾಗ ಅವರ ಎದುರಾಳಿ ನೇರವಾಗಿ ಬ್ರಿಟಿಷ್ ಸರಕಾರವೇ ಆಗಿತ್ತು. ಜಮೀನು ಹೋದದ್ದೂ ಸೆರೆಮನೆ ಸಿಕ್ಕಿದ್ದೂ ಆ ಸರಕಾರದಿಂದಲೇ. ಗಡಿಯಾಚೆಯ ಮೈಸೂರಿನಲ್ಲಿ ಸ್ಥಿತಿ ತೊಡಕಿನದು. ಪ್ರಜೆಗಳು ಗೌರವಿಸುತ್ತಿದ್ದ ಮಹಾರಾಜರು ಸಿಂಹಾಸನದಲ್ಲಿದ್ದರು, ದಿವಾನರು ಆಡಳಿತ ನಡೆಸುತ್ತಿದ್ದರು, ಬ್ರಿಟಿಷ್ ಪರಮಾಧಿಕಾರ ಅವರೆಲ್ಲರ ಬೆನ್ನ ಹಿಂದೆ ನೆರಳಿನಂತೆ ನಿಂತಿತ್ತು. ಯಾರ ವಿರುದ್ಧ ಹೋರಾಟ ಎಂಬ ಪ್ರಶ್ನೆಗೇ ಅಲ್ಲಿ ಸರಳ ಉತ್ತರವಿರಲಿಲ್ಲ. ರೆಡ್ಡಿಯವರ ಸಮಾಧಾನದ, ಮಾತುಕತೆಯ ರಾಜಕಾರಣ ರೂಪುಗೊಂಡದ್ದು ಇಂಥ ನೆಲದಲ್ಲಿ.

ಮೈಸೂರು ಚಲೋ

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾಯಿತು. ಮೈಸೂರು ಸಂಸ್ಥಾನ ಅದಕ್ಕೆ ಮುನ್ನವೇ ಭಾರತ ಒಕ್ಕೂಟವನ್ನು ಸೇರಲು ಒಪ್ಪಿತ್ತು. ಜವಾಬ್ದಾರಿ ಸರಕಾರದ ವಿಷಯ ಮಾತ್ರ ಹಾಗೇ ಉಳಿದಿತ್ತು. ಸೆಪ್ಟೆಂಬರ್ ಆರಂಭದಲ್ಲಿ ಮೈಸೂರು ಚಲೋ ಚಳವಳಿ ಪ್ರಾರಂಭವಾಯಿತು. ಮೈಸೂರು ಕಾಂಗ್ರೆಸ್ಸಿನ ಮುಂಚೂಣಿಯಲ್ಲಿದ್ದ ರೆಡ್ಡಿಯವರೂ ಸಂಗಡಿಗರೂ ಬಂಧನಕ್ಕೊಳಗಾದರು. ವಿದ್ಯಾರ್ಥಿಗಳು, ಕಾರ್ಮಿಕರು, ರೈತರು ಬೀದಿಗಿಳಿದರು. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರ ಸರಕಾರ ಅಕ್ಟೋಬರ್ ತಿಂಗಳಲ್ಲಿ ಒಪ್ಪಂದಕ್ಕೆ ಬಂತು. ಅಕ್ಟೋಬರ್ 25ರಂದು ರೆಡ್ಡಿಯವರು ಮುಖ್ಯಮಂತ್ರಿಯಾದರು. ಯಾರ ಆಡಳಿತದ ವಿರುದ್ಧ ಅವರು ಸೆರೆಮನೆಗೆ ಹೋಗಿದ್ದರೋ ಅದೇ ಮೊದಲಿಯಾರ್ ಕೆಲಕಾಲ ದಿವಾನರಾಗಿಯೇ ಮುಂದುವರಿದರು. ಇಬ್ಬರೂ ಒಂದೇ ಆಡಳಿತದಲ್ಲಿ ಕೆಲಸ ಮಾಡಬೇಕಾಯಿತು. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಹದಿನೈದು ವರ್ಷಗಳ ಬಳಿಕ ದೆಹಲಿಯಲ್ಲಿ ಅದು ಮತ್ತೆ ಬರುತ್ತದೆ.

1952ರ ಮಾರ್ಚ್‌ವರೆಗಿನ ಅವರ ಆಡಳಿತದಲ್ಲಿ ಅಬ್ಬರ ಕಡಿಮೆ. ಸಂಸ್ಥಾನವೊಂದು ಪ್ರಜಾರಾಜ್ಯದ ಘಟಕವಾಗಿ ಮಾರ್ಪಡುವ ದಾಖಲೆಗಳ ಕೆಲಸವೇ ಅದರ ಬಹುಭಾಗ. ಸಿದ್ದಾಪುರದ ಅಂಚಿನ ಜೋಗದಲ್ಲಿ ಶರಾವತಿಯಿಂದ ವಿದ್ಯುತ್ ಉತ್ಪಾದನೆ ಆರಂಭವಾದದ್ದು 1948ರಲ್ಲಿ, ಆ ಕೇಂದ್ರಕ್ಕೆ ಮಹಾತ್ಮಾ ಗಾಂಧಿಯವರ ಹೆಸರು ಬಂದದ್ದೂ ಅವರ ಕಾಲದಲ್ಲೇ. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ವಿಧಾನಸೌಧಕ್ಕೆ ಶಂಕುಸ್ಥಾಪನೆ ಮಾಡಿದಾಗ ಮುಖ್ಯಮಂತ್ರಿಯಾಗಿದ್ದವರು ರೆಡ್ಡಿಯವರು. ಅಂದಿನ ನಕ್ಷೆ ಸಾಧಾರಣವಾದದ್ದು. ಅದನ್ನು ಇಂದಿನ ಭವ್ಯ ರೂಪಕ್ಕೆ ಹಿಗ್ಗಿಸಿದವರು ಅವರ ನಂತರ ಬಂದ ಕೆಂಗಲ್ ಹನುಮಂತಯ್ಯನವರು. ಕೀರ್ತಿಯೂ ಅವರಿಗೇ ಸಂದಿತು. ಅಡಿಗಲ್ಲಿನ ದಿನ ಇದ್ದು ಕಟ್ಟಡ ಮುಗಿದಾಗ ಇಲ್ಲದಿರುವುದು ರೆಡ್ಡಿಯವರ ಬದುಕಿನಲ್ಲಿ ಒಂದೇ ಬಾರಿ ನಡೆದದ್ದಲ್ಲ.

ಇದೇ ಅವಧಿಯಲ್ಲಿ ಅವರು ಭಾರತದ ಸಂವಿಧಾನ ಸಭೆಯ ಸದಸ್ಯರೂ ಆಗಿದ್ದರು. 1949ರ ಏಪ್ರಿಲ್‌ನ ಲಂಡನ್ ಘೋಷಣೆಯಂತೆ, ಗಣರಾಜ್ಯವಾದ ಮೇಲೂ ಭಾರತ ಕಾಮನ್‌ವೆಲ್ತ್‌ನಲ್ಲಿ ಉಳಿಯಬಹುದು ಎಂಬ ಏರ್ಪಾಡಾಯಿತು. ಮೇ ತಿಂಗಳಲ್ಲಿ ಸಂವಿಧಾನ ಸಭೆ ಅದನ್ನು ಅಂಗೀಕರಿಸಿತು. ಬ್ರಿಟಿಷ್ ದೊರೆಗೆ ನಿಷ್ಠೆಯಿಲ್ಲ, ಆದರೂ ಕೂಟದಲ್ಲಿ ಸ್ಥಾನವಿದೆ ಎಂಬ ಈ ಏರ್ಪಾಡನ್ನು ಎಡಪಂಥೀಯರು ಕಟುವಾಗಿ ಟೀಕಿಸಿದರು. ಸರಕಾರದ ಸಮರ್ಥನೆಯಲ್ಲಿ ವ್ಯಾಪಾರಕ್ಕೂ ಸ್ಥಾನವಿತ್ತು. ಬ್ರಿಟನ್ನಿನ ಮಾರುಕಟ್ಟೆ ಕಳೆದುಕೊಳ್ಳುವ ಸ್ಥಿತಿಯಲ್ಲಿ ಹೊಸ ದೇಶ ಇರಲಿಲ್ಲ.

1952ರಲ್ಲಿ ರಾಜ್ಯಸಭೆಗೆ ಹೋದ ರೆಡ್ಡಿಯವರಿಗೆ ನೆಹರೂ ಸಂಪುಟದಲ್ಲಿ ಉತ್ಪಾದನಾ ಖಾತೆ ದೊರೆಯಿತು. ಸರಕಾರಿ ಕಾರ್ಖಾನೆಗಳ ಹೊಣೆ ಹೊತ್ತ ಹೊಸ ಇಲಾಖೆಯದು. ಬೆಂಗಳೂರಿನ ಎಚ್‌ಎಂಟಿ ಸ್ಥಾಪನೆಯಾದದ್ದು 1953ರಲ್ಲಿ, ಆ ಅವಧಿಯಲ್ಲೇ. 1956ರ ನವೆಂಬರ್ ಒಂದರಂದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ವಿಶಾಲ ಮೈಸೂರಿಗೆ ಸೇರಿದವು. ಅವರು ಆಗಲೇ ದೆಹಲಿವಾಸಿಗಳಾಗಿದ್ದುದರಿಂದ ಘಟ್ಟದ ಮೇಲಿನ ಈ ತಾಲೂಕುಗಳಿಗೆ ಅವರು ಎಂದೂ ಮುಖ್ಯಮಂತ್ರಿಯಾಗಲಿಲ್ಲ. ಅದೇ ತಿಂಗಳ ಕೊನೆಗೆ ಮೈಸೂರು ಸರಕಾರ ಕೋಲಾರದ ಗಣಿಗಳನ್ನು ಬ್ರಿಟಿಷ್ ಕಂಪನಿಗಳಿಂದ ತನ್ನ ವಶಕ್ಕೆ ತೆಗೆದುಕೊಂಡಿತು. 1957ರ ಬಳಿಕ ಲೋಕೋಪಯೋಗಿ, ವಸತಿ ಮತ್ತು ಪೂರೈಕೆ ಖಾತೆಯನ್ನು ನಿರ್ವಹಿಸಿದ ರೆಡ್ಡಿಯವರು 1961ರಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಖಾತೆಗೆ ಬಂದರು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಗೃಹ ಖಾತೆಗೆ ಹೋದಾಗ ತೆರವಾದ ಸ್ಥಾನವದು.

ಅರ್ಜಿಯ ನೆರಳು

ಅವರು ಕೈಗೆತ್ತಿಕೊಂಡ ಲೆಕ್ಕಪುಸ್ತಕ ಚೆನ್ನಾಗಿರಲಿಲ್ಲ. 1960–61ರಲ್ಲಿ ಭಾರತದ ರಫ್ತು 642 ಕೋಟಿ ರೂಪಾಯಿ. ಆಮದು 1,122 ಕೋಟಿ. ವಿದೇಶಿ ವಿನಿಮಯದ ಕೊರತೆ ಎರಡನೇ ಪಂಚವಾರ್ಷಿಕ ಯೋಜನೆಯ ನಡುವಿನಿಂದಲೇ ಕಾಡುತ್ತಿತ್ತು. ಮೂರನೇ ಯೋಜನೆಯ ಯಂತ್ರಗಳಿಗೂ ಕಾರ್ಖಾನೆಗಳಿಗೂ ಬೇಕಾದ ಪೌಂಡು ಡಾಲರುಗಳನ್ನು ಚಹಾ, ಸೆಣಬು, ಬಟ್ಟೆ ಮಾರಿಯೇ ಗಳಿಸಬೇಕಿತ್ತು. ಗಳಿಕೆ ಏರಬೇಕಾದ ಹೊತ್ತಿನಲ್ಲೇ ಅತಿ ದೊಡ್ಡ ಗಿರಾಕಿ ಬೇರೆ ಮನೆಯ ನಂಟಸ್ತಿಕೆಗೆ ಹೊರಟಿತ್ತು.

ಬ್ರಿಟನ್ನಿನ ರಿಯಾಯಿತಿಯ ಹುಟ್ಟೂ ಕುತೂಹಲಕರ. 1932ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಸಾಮ್ರಾಜ್ಯದ ದೇಶಗಳು ಪರಸ್ಪರ ಕಡಿಮೆ ಸುಂಕ ವಿಧಿಸಿಕೊಳ್ಳಲು ಒಪ್ಪಿದವು. ಅಂದು ಅದನ್ನು ಭಾರತದ ರಾಷ್ಟ್ರೀಯವಾದಿಗಳು ವಿರೋಧಿಸಿದ್ದರು. ಬ್ರಿಟಿಷ್ ಸರಕಿಗೆ ಭಾರತದ ಪೇಟೆಯನ್ನು ಕಾಯ್ದಿರಿಸುವ ಉಪಾಯವೆಂದು ಭಾವಿಸಿದ್ದರು. 1939ರಲ್ಲಿ ಹೊಸ ಒಪ್ಪಂದ ಬಂತು. ಸ್ವಾತಂತ್ರ್ಯಾನಂತರ ತಕ್ಕಡಿ ನಿಧಾನವಾಗಿ ಭಾರತದ ಕಡೆಗೆ ವಾಲಿತು. ಯಾವ ಏರ್ಪಾಡನ್ನು ದಾಸ್ಯದ ಗುರುತೆಂದು ಒಂದು ಪೀಳಿಗೆ ಹಳಿದಿತ್ತೋ ಅದನ್ನೇ ಉಳಿಸಿಕೊಳ್ಳಲು ಅದೇ ಪೀಳಿಗೆಯ ಸಚಿವರು ಲಂಡನ್ನಿನ ಜೊತೆ ವಾದಿಸಬೇಕಾಯಿತು. ಇದರಲ್ಲಿ ಅವಮಾನವೇನಿಲ್ಲ, ಆದರೆ ಮುಜುಗರವಂತೂ ಇತ್ತು.

ನಷ್ಟದ ಬಗೆ ಸರಕಿನಿಂದ ಸರಕಿಗೆ ಬೇರೆ. ಭಾರತದಿಂದ ರಫ್ತಾಗುತ್ತಿದ್ದ ಚಹಾದ ಅರ್ಧಕ್ಕಿಂತ ಹೆಚ್ಚು ಬ್ರಿಟನ್ನಿಗೇ ಹೋಗುತ್ತಿತ್ತು, ಸುಂಕವಿಲ್ಲದೆ. ಐರೋಪ್ಯ ಸಮುದಾಯ ಚಹಾಕ್ಕೆ ನಿಗದಿಪಡಿಸಿದ್ದ ಸಾಮಾನ್ಯ ಸುಂಕ ಶೇಕಡಾ 18. ಮದ್ರಾಸಿನ ಹದಮಾಡಿದ ಚರ್ಮ, ಗುಂಟೂರಿನ ತಂಬಾಕು, ಕಲ್ಕತ್ತೆಯ ಸೆಣಬಿನ ಸಾಮಾನು, ಕೇರಳದ ತೆಂಗಿನ ನಾರು ಇವೆಲ್ಲ ಇದೇ ಸಾಲಿನಲ್ಲಿದ್ದವು. ಹತ್ತಿಬಟ್ಟೆಯ ಕಥೆ ಇನ್ನೂ ಕಹಿ. ಲ್ಯಾಂಕಾಶೈರ್ ಗಿರಣಿಗಳ ಒತ್ತಡದಿಂದಾಗಿ ಬ್ರಿಟನ್ನಿಗೆ ಕಳಿಸುವ ಬಟ್ಟೆಗೆ ಭಾರತ 1959ರಲ್ಲಿಯೇ ತಾನಾಗಿ ಮಿತಿ ಹಾಕಿಕೊಂಡಿತ್ತು. 1962ರಲ್ಲಿ ಹತ್ತಿಬಟ್ಟೆಯ ದೀರ್ಘಾವಧಿ ಅಂತಾರಾಷ್ಟ್ರೀಯ ಏರ್ಪಾಡು ಬಂದು ಶ್ರೀಮಂತ ದೇಶಗಳಿಗೆಲ್ಲ ಅಂಥ ಮಿತಿ ಹೇರುವ ಅವಕಾಶ ದೊರೆಯಿತು. ಅದರ ಮೇಲೆ ಈಗ ಸುಂಕದ ಗೋಡೆಯೂ ಬರಲಿತ್ತು.

ಕರ್ನಾಟಕದ ಮಟ್ಟಿಗೆ ಕಾಫಿ ಮುಖ್ಯ. ಆರು ದೇಶಗಳ ಕೂಟ ಕಾಫಿಗೆ ಶೇಕಡಾ 16ರ ಸುಂಕ ಗೊತ್ತುಪಡಿಸಿತ್ತು. ಫ್ರಾನ್ಸ್ ಮತ್ತು ಬೆಲ್ಜಿಯಂಗಳ ಹಿಂದಿನ ಆಫ್ರಿಕನ್ ವಸಾಹತುಗಳ ಕಾಫಿಗೆ ಮಾತ್ರ ವಿನಾಯಿತಿಯ ದಾರಿ ತೆರೆದಿತ್ತು. ಕೊಡಗು ಚಿಕ್ಕಮಗಳೂರಿನ ಬೆಳೆ ಅವುಗಳ ಎದುರು ಸೆಣಸಬೇಕಿತ್ತು. 1962ರಲ್ಲಿ ನ್ಯೂಯಾರ್ಕಿನಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ರೂಪುಗೊಂಡದ್ದು ಬೆಳೆಗಾರರಿಗೆ ತುಸು ಧೈರ್ಯ ತಂದಿತು.

ಹೆಗ್ಗರಣೆ, ಶಿರಸಿ, ಯಲ್ಲಾಪುರ ಸೀಮೆಯ ತೋಟಿಗರಿಗೆ ಈ ಗದ್ದಲ ದೂರದ್ದೆನಿಸಿದ್ದರೆ ಆಶ್ಚರ್ಯವಿಲ್ಲ. ಅಡಿಕೆ ದೇಶದೊಳಗಿನ ಬಾಯಿಗೇ ಹೋಗುವ ಬೆಳೆ. 1923ರಲ್ಲಿ ಶಿರಸಿಯಲ್ಲಿ ಕಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘದ ಅಂಗಳದಲ್ಲಿ ದರ ನಿಲ್ಲುವುದು ಲಂಡನ್ನಿನ ಮಾತಿನ ಮೇಲಲ್ಲ. ಅಡಿಕೆಯ ಚಿಂತೆ ತದ್ವಿರುದ್ಧವಾದದ್ದು, ಸಿಲೋನ್ ಮತ್ತು ಮಲಯಾದಂಥ ಹೊರದೇಶಗಳಿಂದ ಒಳಬರುವ ಅಡಿಕೆಯದು. ಆ ಎರಡೂ ಕಾಮನ್‌ವೆಲ್ತ್ ದೇಶಗಳೇ. ಆಮದು ಪರವಾನಗಿಯ ಬೀಗದ ಕೈ ಇದ್ದದ್ದು ರೆಡ್ಡಿಯವರ ಇಲಾಖೆಯಲ್ಲೇ. ಅದೇ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯದು ಮತ್ತು ಕೆಳಗೆ ನೆರಳಿನಲ್ಲಿ ಬೆಳೆಯುವ ಏಲಕ್ಕಿಯದು ಬೇರೆ ಹಣೆಬರಹ; ಅವು ಹಡಗು ಹತ್ತುವ ಸರಕು. ಒಂದೇ ತೋಟದೊಳಗೆ ಒಂದು ಬೆಳೆ ಆಮದಿಗೆ ಅಂಜುತ್ತಿತ್ತು, ಮತ್ತೊಂದು ರಫ್ತಿಗೆ ಕಾಯುತ್ತಿತ್ತು. ವಾಣಿಜ್ಯ ಸಚಿವರ ಮೇಜಿಗೆ ಬರುವ ಅಹವಾಲುಗಳ ಸ್ವರೂಪವೂ ಹೆಚ್ಚುಕಡಿಮೆ ಇದೇ.

ಲಂಡನ್, ಅಕ್ರಾ, ಬ್ರಸೆಲ್ಸ್

ಅರ್ಜಿ ಹಾಕುವ ಮೊದಲು ಮ್ಯಾಕ್‌ಮಿಲನ್ ತಮ್ಮ ಸಚಿವರನ್ನು ಕಾಮನ್‌ವೆಲ್ತ್ ರಾಜಧಾನಿಗಳಿಗೆ ಅಟ್ಟಿದ್ದರು. ದೆಹಲಿಗೆ ಬಂದವರು ಪೀಟರ್ ಥಾರ್ನಿಕ್ರಾಫ್ಟ್. ನಿರ್ಧಾರ ಬ್ರಿಟನ್ನಿನದೇ, ಆದರೆ ಭಾರತದ ವ್ಯಾಪಾರಕ್ಕೂ ಕಾಮನ್‌ವೆಲ್ತ್‌ನ ಬಂಧಕ್ಕೂ ಅದರಿಂದ ಪೆಟ್ಟು ಬೀಳಲಿದೆ ಎಂಬುದು ಭಾರತದ ನಿಲುವಾಗಿತ್ತು. ಸೆಪ್ಟೆಂಬರ್‌ನಲ್ಲಿ ಘಾನಾದ ಅಕ್ರಾದಲ್ಲಿ ಕಾಮನ್‌ವೆಲ್ತ್‌ನ ಆರ್ಥಿಕ ಸಮಾಲೋಚನಾ ಸಭೆ ಸೇರಿದಾಗ ಸದಸ್ಯ ದೇಶಗಳು ಬಹುತೇಕ ಒಂದೇ ದನಿಯಲ್ಲಿ ಕಳವಳ ವ್ಯಕ್ತಪಡಿಸಿದವು. ಭಾರತದ ಪರವಾಗಿ ಅಲ್ಲಿ ಮುಂದೆ ನಿಂತವರು ಹಣಕಾಸು ಸಚಿವ ಮೊರಾರ್ಜಿ ದೇಸಾಯಿ. 1962ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಪ್ರಧಾನಿಗಳ ಸಮ್ಮೇಳನ ನಡೆದಾಗ ಮಾತನಾಡಿದವರು ಸ್ವತಃ ನೆಹರೂ. ಅಂತಾರಾಷ್ಟ್ರೀಯ ವ್ಯಾಪಾರದ ಹೊಣೆಯನ್ನು ಇಲಾಖೆಯೊಳಗೆ ಮನುಭಾಯಿ ಷಾ ವಹಿಸಿಕೊಂಡಿದ್ದರು. ಯುರೋಪಿನ ರಾಜಧಾನಿಗಳಲ್ಲಿ ಭಾರತದ ವಾದವನ್ನು ಮಂಡಿಸಿದವರಲ್ಲಿ ಕೆ.ಬಿ. ಲಾಲ್ ಪ್ರಮುಖರು.

ಹೀಗಾಗಿ ವೇದಿಕೆಯ ದೀಪ ರೆಡ್ಡಿಯವರ ಮೇಲೆ ಬಿದ್ದದ್ದು ಅಪರೂಪ. ಸಂಪುಟ ದರ್ಜೆಯ ಹೊಣೆ ಅವರದು, ಮುಖಗಳು ಬೇರೆಯವರದು. ಇದನ್ನು ಅವರ ದೌರ್ಬಲ್ಯವೆಂದು ಎಣಿಸುವವರಿದ್ದಾರೆ. ನೆಹರೂ ಮತ್ತು ಮೊರಾರ್ಜಿ ಇದ್ದ ಸಂಪುಟದಲ್ಲಿ ವಿದೇಶ ವ್ಯಾಪಾರದ ದೊಡ್ಡ ಪ್ರಶ್ನೆ ವಾಣಿಜ್ಯ ಸಚಿವರೊಬ್ಬರ ಕೈಯಲ್ಲಿ ಉಳಿಯುವುದು ಸಾಧ್ಯವಿತ್ತೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಇಲಾಖೆಯ ಒಳಗೆ ನಡೆದ ಕೆಲಸ ಕಡೆಗಣಿಸುವಂಥದ್ದಲ್ಲ. ಆಮದು ರಫ್ತು ನೀತಿಯನ್ನು ಬುಡದಿಂದ ಪರಿಶೀಲಿಸಲು ಸಮಿತಿಯೊಂದು ನೇಮಕವಾಗಿತ್ತು. ಅದರ ಅಧ್ಯಕ್ಷರು ಮತ್ತಾರೂ ಅಲ್ಲ, ಮೈಸೂರಿನ ಹಿಂದಿನ ದಿವಾನ್ ರಾಮಸ್ವಾಮಿ ಮೊದಲಿಯಾರ್. 1947ರಲ್ಲಿ ಒಬ್ಬರು ಸೆರೆಮನೆಯಲ್ಲಿ, ಮತ್ತೊಬ್ಬರು ದಿವಾನಗಿರಿಯಲ್ಲಿ. 1962ರಲ್ಲಿ ಒಬ್ಬರು ಸಚಿವರು, ಮತ್ತೊಬ್ಬರು ಅವರ ಇಲಾಖೆಗೆ ಸಲಹೆ ಕೊಡುವ ಸಮಿತಿಯ ಮುಖ್ಯಸ್ಥರು. ರಫ್ತು ಮಾಡುವವರಿಗೆ ಉತ್ತೇಜನ ನೀಡಬೇಕು, ಅವರಿಗೆ ಬೇಕಾದ ಕಚ್ಚಾ ವಸ್ತುಗಳ ಆಮದು ಸುಗಮವಾಗಬೇಕು ಎಂಬ ದಿಕ್ಕಿನಲ್ಲಿ ಸಮಿತಿ ಶಿಫಾರಸು ಮಾಡಿತು. ಸರಕಾರ ಮತ್ತು ವರ್ತಕರ ಪ್ರತಿನಿಧಿಗಳು ಒಟ್ಟಿಗೆ ಕೂರುವ ವ್ಯಾಪಾರ ಮಂಡಳಿ 1962ರಲ್ಲಿ ಅಸ್ತಿತ್ವಕ್ಕೆ ಬಂತು. ಐರೋಪ್ಯ ಆರ್ಥಿಕ ಸಮುದಾಯದೊಡನೆ ಭಾರತ ನೇರ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದೂ ಆ ವರ್ಷವೇ. ಇನ್ನು ಮುಂದೆ ಲಂಡನ್ನಿನ ಮೂಲಕ ಮಾತನಾಡಿದರೆ ಸಾಲದು, ಬ್ರಸೆಲ್ಸ್‌ನಲ್ಲಿ ಸ್ವಂತ ಬಾಗಿಲು ಬೇಕು ಎಂಬುದನ್ನು ದೆಹಲಿ ಒಪ್ಪಿಕೊಂಡ ಗುರುತು ಅದು.

ಆ ಚೌಕಾಸಿಯಲ್ಲಿ ಭಾರತಕ್ಕೆ ಒಂದು ಸುಲಭದ ದಾರಿಯೂ ಇದ್ದಂತೆ ತೋರುತ್ತಿತ್ತು. ಆಫ್ರಿಕದ ಹಲವು ದೇಶಗಳಂತೆ ಸಮುದಾಯದ ಸಹವರ್ತಿ ಸ್ಥಾನ ಪಡೆಯುವುದು. ಅದು ಭಾರತಕ್ಕೆ ಬೇಕಿರಲಿಲ್ಲ. ಬಲಾಢ್ಯ ಕೂಟವೊಂದರ ಬಾಲಂಗೋಚಿಯಾಗುವುದು ಅಲಿಪ್ತ ನೀತಿಗೆ ಹೊಂದುವಂಥದ್ದಲ್ಲ ಎಂಬುದು ಒಂದು ಕಾರಣ. ಇಷ್ಟು ದೊಡ್ಡ ಜವಳಿ ಉದ್ಯಮವಿರುವ ದೇಶಕ್ಕೆ ಅಂಥ ಸ್ಥಾನ ಕೊಡಲು ಆ ಆರು ದೇಶಗಳಿಗೂ ಮನಸ್ಸಿರಲಿಲ್ಲ. ಬ್ರಿಟನ್ನಿನ ಪರ ಸಂಧಾನಕಾರ ಎಡ್ವರ್ಡ್ ಹೀತ್ 1962ರ ಬೇಸಿಗೆಯ ಹೊತ್ತಿಗೆ ಪಡೆದ ಭರವಸೆಗಳಲ್ಲಿ ಭಾರತಕ್ಕೆ ಮುಖ್ಯವಾದವು ಎರಡು: ಚಹಾದ ಸುಂಕ ಶೂನ್ಯಕ್ಕಿಳಿಯುವುದು, ಭಾರತ, ಪಾಕಿಸ್ತಾನ ಮತ್ತು ಸಿಲೋನ್‌ಗಳೊಡನೆ 1966ರ ಕೊನೆಯೊಳಗೆ ಸಮಗ್ರ ವ್ಯಾಪಾರ ಒಪ್ಪಂದ ಮಾಡಿಕೊಳ್ಳಲು ಯತ್ನಿಸುವುದು. ಮೊದಲನೆಯದು ಗಟ್ಟಿ. ಎರಡನೆಯದು ಮುಂದೆ ಬರಲಿರುವ ಒಪ್ಪಂದದ ಕುರಿತ ಆಶ್ವಾಸನೆ ಮಾತ್ರ. ಲಂಡನ್ ಸಮ್ಮೇಳನದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾಗಳು ತಮ್ಮ ಗೋಧಿ, ಬೆಣ್ಣೆ, ಮಾಂಸದ ಚಿಂತೆ ಹೇಳಿಕೊಂಡವು. ಬಿಳಿಯ ಡೊಮಿನಿಯನ್ನುಗಳ ಅಳಲಿಗೆ ಬ್ರಿಟಿಷ್ ಮತದಾರರಲ್ಲಿ ದೊರೆತ ಸಹಾನುಭೂತಿ ಸೆಣಬಿಗೂ ನಾರಿಗೂ ದೊರೆಯಲಿಲ್ಲ.

ಸಮ್ಮೇಳನ ಮುಗಿದು ತಿಂಗಳು ಕಳೆಯುತ್ತಿದ್ದಂತೆ ಚೀನಾದೊಡನೆ ಯುದ್ಧ ಆರಂಭವಾಯಿತು. ಅಕ್ಟೋಬರ್ 20ರಿಂದ ನವೆಂಬರ್ 21ರವರೆಗಿನ ಆ ದಿನಗಳಲ್ಲಿ ಚಹಾದ ಸುಂಕವನ್ನು ನೆನೆಯುವ ವ್ಯವಧಾನ ದೆಹಲಿಯಲ್ಲಿ ಯಾರಿಗೂ ಇರಲಿಲ್ಲ. ಶಸ್ತ್ರಾಸ್ತ್ರಕ್ಕಾಗಿ ಬ್ರಿಟನ್ನನ್ನೇ ಕೇಳಬೇಕಾದ ಸ್ಥಿತಿಯಲ್ಲಿ ಅದರ ವ್ಯಾಪಾರ ನೀತಿಯನ್ನು ಗಟ್ಟಿಯಾಗಿ ಟೀಕಿಸುವುದೂ ಸುಲಭವಾಗಿರಲಿಲ್ಲ.

ಬಿಕ್ಕಟ್ಟನ್ನು ಮುಗಿಸಿದವರು ಭಾರತೀಯರೂ ಅಲ್ಲ, ಆಂಗ್ಲರೂ ಅಲ್ಲ. 1963ರ ಜನವರಿ 14ರಂದು ಪ್ಯಾರಿಸ್ಸಿನ ಪತ್ರಿಕಾಗೋಷ್ಠಿಯಲ್ಲಿ ಫ್ರಾನ್ಸ್ ಅಧ್ಯಕ್ಷ ಶಾರ್ಲ್ ಡಿ ಗಾಲ್ ಬ್ರಿಟನ್ನಿನ ಪ್ರವೇಶಕ್ಕೆ ಅಡ್ಡಬಂದರು. ಬ್ರಿಟನ್ ದ್ವೀಪ ರಾಷ್ಟ್ರ, ಅದರ ವ್ಯಾಪಾರವೂ ಆಹಾರ ಪೂರೈಕೆಯೂ ದೂರದೂರದ ದೇಶಗಳೊಡನೆ ಹೆಣೆದುಕೊಂಡಿವೆ ಎಂಬುದು ಅವರ ವಾದದ ಒಂದು ಎಳೆ. ಕಾಮನ್‌ವೆಲ್ತ್ ದೇಶಗಳು ಯಾವ ನಂಟನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದವೋ ಅದನ್ನೇ ಡಿ ಗಾಲ್ ಬ್ರಿಟನ್ನಿನ ಅನರ್ಹತೆಯಾಗಿ ತೋರಿಸಿದ್ದರು. ತಿಂಗಳ ಕೊನೆಗೆ ಬ್ರಸೆಲ್ಸ್‌ನ ಮಾತುಕತೆ ಮುರಿದುಬಿತ್ತು. ಭಾರತದ ಚಹಾ, ಚರ್ಮ, ಬಟ್ಟೆಗಳಿಗೆ ಹಳೆಯ ಬಾಗಿಲು ತೆರೆದೇ ಉಳಿಯಿತು.

ದೆಹಲಿ ಈ ಅವಕಾಶವನ್ನು ಸಂಪೂರ್ಣವಾಗಿ ಬಳಸಿಕೊಂಡಿತೆಂದು ಹೇಳಲಾಗದು. ರಫ್ತಿಗಿಂತ ಆಮದು ತಡೆಯುವುದರಲ್ಲೇ ಇಲಾಖೆಯ ಶಕ್ತಿ ವ್ಯಯವಾಗುತ್ತಿತ್ತು. ಪರವಾನಗಿಗಾಗಿ ಸಾಲು ನಿಲ್ಲುವ ವ್ಯವಸ್ಥೆ ರೆಡ್ಡಿಯವರ ಕಾಲದಲ್ಲಿ ಸಡಿಲಗೊಳ್ಳಲಿಲ್ಲ, ಮುಂದಿನ ದಶಕಗಳಲ್ಲಿ ಇನ್ನಷ್ಟು ಬಿಗಿಯಾಯಿತು. ಆದರೂ ಒಂದೇ ಗಿರಾಕಿಯನ್ನು ನೆಚ್ಚಿ ಕೂರುವ ಅಭ್ಯಾಸ ಆ ಬಿಕ್ಕಟ್ಟಿನ ನಂತರ ಮುರಿಯತೊಡಗಿತು. ಸೋವಿಯತ್ ಒಕ್ಕೂಟದೊಡನೆ ರೂಪಾಯಿ ಲೆಕ್ಕದ ವ್ಯಾಪಾರ ಬೆಳೆಯಿತು. 1970–71ರ ಹೊತ್ತಿಗೆ ಭಾರತದ ರಫ್ತಿನಲ್ಲಿ ಬ್ರಿಟನ್ನಿನ ಪಾಲು ಶೇಕಡಾ 11ರ ಆಸುಪಾಸಿಗೆ ಇಳಿದಿತ್ತು, ಸೋವಿಯತ್ ಒಕ್ಕೂಟ ಅದನ್ನು ಮೀರಿಸಿತ್ತು.

ರಾಜಭವನದ ವರ್ಷಗಳು

1963ರ ಜುಲೈ ತಿಂಗಳಲ್ಲಿ ರೆಡ್ಡಿಯವರು ಸಂಪುಟದಿಂದ ಹೊರಬಂದರು. 1965ರಿಂದ 1971ರವರೆಗೆ, ನಡುವೆ ಸ್ವಲ್ಪ ದಿನಗಳನ್ನು ಬಿಟ್ಟರೆ, ಮಧ್ಯಪ್ರದೇಶದ ರಾಜ್ಯಪಾಲರಾಗಿದ್ದರು. ಅದೂ ವಿಶ್ರಾಂತಿಯ ಹುದ್ದೆಯಾಗಿರಲಿಲ್ಲ. 1967ರಲ್ಲಿ ಪಕ್ಷಾಂತರದಿಂದ ದ್ವಾರಕಾಪ್ರಸಾದ ಮಿಶ್ರರ ಕಾಂಗ್ರೆಸ್ ಸರಕಾರ ಉರುಳಿ, ಗೋವಿಂದ ನಾರಾಯಣ ಸಿಂಗ್ ಮುಖ್ಯಮಂತ್ರಿಯಾದಾಗ ಭೋಪಾಲದ ರಾಜಭವನದಲ್ಲಿದ್ದವರು ಅವರೇ.

ಅದೇ 1967ರಲ್ಲಿ ಹೆರಾಲ್ಡ್ ವಿಲ್ಸನ್ ಸರಕಾರ ಬ್ರಿಟನ್ನಿನ ಎರಡನೇ ಅರ್ಜಿ ಹಾಕಿತು. ಡಿ ಗಾಲ್ ಮತ್ತೆ ತಡೆದರು. 1969ರಲ್ಲಿ ಡಿ ಗಾಲ್ ಅಧಿಕಾರ ಬಿಟ್ಟರು. ಮರುವರ್ಷ ಮಾತುಕತೆ ಮತ್ತೆ ಆರಂಭವಾಯಿತು. ಹತ್ತು ವರ್ಷಗಳ ಹಿಂದೆ ಸಂಧಾನಕಾರರಾಗಿ ಬರಿಗೈಯಲ್ಲಿ ಮರಳಿದ್ದ ಹೀತ್ ಈಗ ಪ್ರಧಾನಿಯಾಗಿದ್ದರು. 1973ರ ಜನವರಿ 1ರಂದು ಬ್ರಿಟನ್ ಐರೋಪ್ಯ ಸಮುದಾಯದ ಸದಸ್ಯ ದೇಶವಾಯಿತು. ಈ ಬಾರಿ ಭಾರತದಲ್ಲಿ ಮೊದಲಿನಷ್ಟು ಗಾಬರಿ ಕಾಣಲಿಲ್ಲ. ಹಿಂದುಳಿದ ದೇಶಗಳ ಸರಕಿಗೆ ಸಾಮಾನ್ಯ ರಿಯಾಯಿತಿ ನೀಡುವ ಯೋಜನೆಯನ್ನು ಸಮುದಾಯ 1971ರ ಜುಲೈನಲ್ಲೇ ಜಾರಿಗೆ ತಂದಿತ್ತು. 1968ರಲ್ಲಿ ದೆಹಲಿಯಲ್ಲೇ ನಡೆದ ವಿಶ್ವಸಂಸ್ಥೆಯ ವ್ಯಾಪಾರ ಸಮ್ಮೇಳನ ಅದಕ್ಕೆ ನೆಲೆ ಹಾಕಿತ್ತು. 1973ರ ಡಿಸೆಂಬರ್ 17ರಂದು ಭಾರತ ಮತ್ತು ಐರೋಪ್ಯ ಸಮುದಾಯ ವಾಣಿಜ್ಯ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದವು. 1962ರಲ್ಲಿ ಆಶ್ವಾಸನೆಯಾಗಿ ಉಳಿದಿದ್ದ ಮಾತು ಹನ್ನೊಂದು ವರ್ಷಗಳ ನಂತರ ಕಾಗದಕ್ಕಿಳಿಯಿತು. ಆಗ ರೆಡ್ಡಿಯವರು ಯಾವ ಅಧಿಕಾರದಲ್ಲೂ ಇರಲಿಲ್ಲ.

1975ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ಮತದಾರರು ಜನಮತಗಣನೆಯಲ್ಲಿ ಸದಸ್ಯತ್ವವನ್ನು ಭಾರೀ ಬಹುಮತದಿಂದ ಎತ್ತಿಹಿಡಿದರು. 1976ರ ಫೆಬ್ರವರಿ 27ರಂದು ಕೆ.ಸಿ. ರೆಡ್ಡಿಯವರು ತಮ್ಮ 73ನೇ ವಯಸ್ಸಿನಲ್ಲಿ ನಿಧನರಾದರು. ಅವರು ಹುಟ್ಟಿದ ಸೀಮೆಯ ಚಿನ್ನದ ಗಣಿ ಆಗಿನ್ನೂ ನಡೆಯುತ್ತಿತ್ತು. 2001ರ ಫೆಬ್ರವರಿ 28ರಂದು ಅದು ಮುಚ್ಚಿತು.

2016ರ ಮತ್ತೊಂದು ಜನಮತಗಣನೆಯಲ್ಲಿ ಬ್ರಿಟನ್ನಿನ ಜನ ಹಿಂದಿನ ತೀರ್ಪನ್ನು ಅಲ್ಪ ಬಹುಮತದಿಂದ ತಿರುಗಿಸಿದರು. 2020ರ ಜನವರಿ 31ರಂದು ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರನಡೆಯಿತು. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಹೊಸ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಅದರಂತೆ ಬ್ರಿಟನ್ನಿನಲ್ಲಿ ಸುಂಕ ಇಲ್ಲವಾಗಲಿರುವ ಭಾರತದ ಸರಕುಗಳ ಪೈಕಿ ಬಟ್ಟೆಯೂ ಚರ್ಮದ ಸಾಮಾನೂ ಇವೆ.